ಅತ್ತೆಯ ಭರಣಿ, ಅಳಿಯನ ಬಿಲ್ಡ್

ಮಧುಕರನ ಬಾಯಿಂದ "ಇಲ್ಲ" ಎಂಬ ಮಾತು ಕೇಳಿದವರು ಬೆಳಗಾವಿಯಲ್ಲಿ ಯಾರೂ ಇಲ್ಲ. ಹಾಲಿನವನು ಬಂದು "ನಾಳಿಂದ ಒಂದ್ ಲೀಟರ್ ಹೆಚ್ಚಿಗಿ ಹಾಕ್ಲೇನ್ರಿ?" ಎಂದರೂ "ಆತ್ರಿ." ಎದುರು ಮನೆಯವರು "ನಿಮ್ಮ ಸ್ಕೂಟರ್ ಒಂದ್ ವಾರ ಒಯ್ಯಲೇನ್ರಿ?" ಎಂದರೂ "ಆತ್ರಿ." ಸಿನಿಮಾ ಹೀರೋಗೆ ಒಂದು ಪಂಚ್ ಡೈಲಾಗ್ ಇರುತ್ತದಲ್ಲ, ನಮ್ಮ ಮಧುಕರನದು ಇದು. ವ್ಯತ್ಯಾಸ ಇಷ್ಟೇ: ಹೀರೋ ಡೈಲಾಗ್ ಹೊಡೆದರೆ ವಿಲನ್ ಬೀಳುತ್ತಾನೆ, ಮಧುಕರ ಹೊಡೆದರೆ ಮಧುಕರನೇ ಬೀಳುತ್ತಾನೆ.

ಅವನ ಆಫೀಸು ಮಹಾಂತೇಶ ನಗರದಲ್ಲಿ, ಒಂದು ಹಿಟ್ಟಿನ ಗಿರಣಿಯ ಮಾಳಿಗೆ ಮೇಲೆ. ಕೀಬೋರ್ಡ್ ತಟ್ಟಿದರೆ ಜೋಳದ ಹಿಟ್ಟು ಉದುರುತ್ತದೆ. ಅಲ್ಲಿ ಹಾಲಿನ ಸೊಸೈಟಿಗಳಿಗೆ ಪ್ರೋಗ್ರಾಮು ಬರೆಯುತ್ತಾರೆ. ಎಷ್ಟು ಹಾಲು, ಎಷ್ಟು ಫ್ಯಾಟು, ಯಾವ ದರ ಎಂಬ ಲೆಕ್ಕವನ್ನೆಲ್ಲ ಒಂದು ಗಂಟು ಕಟ್ಟಿ ಇಡುತ್ತಾರೆ. ಆ ಗಂಟಿಗೆ ಅವರ ಧಂದೆಯಲ್ಲಿ ಲೈಬ್ರರಿ ಎಂದು ಹೆಸರು. ಅಲ್ಲಿ ಪುಸ್ತಕವಿಲ್ಲ, ಕಪಾಟಿಲ್ಲ, "ಗದ್ದಲ ಮಾಡಬೇಡಿ" ಎಂಬ ಬೋರ್ಡೂ ಇಲ್ಲ.

ಬರೆದ ಮೂಲ ಲೆಕ್ಕ, ಅಂದರೆ ಸೋರ್ಸು, ಒಂದೇ ಇದ್ದರೂ ಈ ಗಂಟನ್ನು ಎರಡು ನಮೂನೆ ಕಟ್ಟಬಹುದು. ಹಾಗೆ ಕಟ್ಟುವುದಕ್ಕೇ ಕಂಪೈಲ್, ಬಿಲ್ಡ್ ಎನ್ನುತ್ತಾರೆ. ಒಂದು ಸ್ಟ್ಯಾಟಿಕ್. ಲೆಕ್ಕವೆಲ್ಲ ಪ್ರೋಗ್ರಾಮಿನ ಹೊಟ್ಟೆಯೊಳಗೇ ಸೇರಿಬಿಡುತ್ತದೆ. ಯಾವ ಊರಿಗೆ ಹೋದರೂ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಹೋಗುವ ಮನುಷ್ಯನಂತೆ. ಇನ್ನೊಂದು ಶೇರ್ಡ್. ಲೆಕ್ಕ ಕಂಪ್ಯೂಟರಿನಲ್ಲಿ ಒಂದು ಕಡೆ ಮಾತ್ರ ಇರುತ್ತದೆ, ಬೇಕಾದ ಪ್ರೋಗ್ರಾಮುಗಳೆಲ್ಲ ಅಲ್ಲಿಗೇ ಬಂದು ಉಂಡು ಹೋಗುತ್ತವೆ. ಊಟದ ಮನೆ ಇಲ್ಲದ ಊರಿಗೆ ಇಂಥ ಪ್ರೋಗ್ರಾಮನ್ನು ಒಯ್ದರೆ ಅದು ಉಪವಾಸ ಬೀಳುತ್ತದೆ.

ಆಫೀಸಿನ ಮಾಲೀಕ ಶಾಹಿದ ಸಾಹೇಬರು ಶುಕ್ರವಾರವೇ ಹೇಳಿದ್ದರು. "ನೋಡ್ ಮಧು, ಸೋರ್ಸ್ ಒಂದ. ಅದನ್ನ ಎರಡ್ ಸಲ ಕಂಪೈಲ್ ಮಾಡು, ಒಮ್ಮಿ ಸ್ಟ್ಯಾಟಿಕ್‌ಗೆ, ಒಮ್ಮಿ ಶೇರ್ಡ್‌ಗೆ. ಶೇರ್ಡ್‌ದು ಮೆಮೊರಿ ಒಳಗ ಎಲ್ಲಿ ಕುಂದ್ರಿಸಿದ್ರೂ ಕುಂದರಬೇಕು, ಅದಕ್ಕ ಅದರ ತಯಾರಿ ಬ್ಯಾರೆ. ಖಾನಾಪುರ ಸೊಸೈಟಿದು ಹೊಸಾ ಕಂಪ್ಯೂಟರ್, ಅಲ್ಲಿ ನಮ್ದು ಏನೂ ಇಲ್ಲ. ಸ್ಟ್ಯಾಟಿಕ್ ಒಯ್ಯಿ. ತಿಳೀತಿಲ್ಲೋ?"

"ಆತ್ರಿ ಸರ್."

ಸಂಜೆ ಮತ್ತೆ ಕೇಳಿದರು, "ಎರಡೂ ಮಾಡೀ?"

"ಮಾಡೀನ್ರಿ ಸರ್!"

ಮಾಡಿದ್ದು ಒಂದೇ, ಶೇರ್ಡ್. ಅವನ ಲ್ಯಾಪ್‌ಟಾಪಿನಲ್ಲಿ ಅದು ಕುದುರೆಯ ಹಾಗೆ ಓಡುತ್ತಿತ್ತು. ಇಲ್ಲಿ ಓಡುವ ಕುದುರೆ ಖಾನಾಪುರದಲ್ಲಿ ಯಾಕೆ ಕುಂಟುತ್ತದೆ ಎಂದು ಮಧುಕರನ ವಿಚಾರ. ಪ್ರೋಗ್ರಾಮೊಂದನ್ನೇ ಪೆನ್‌ಡ್ರೈವಿಗೆ ಹಾಕಿ, ಅದನ್ನು ಶರ್ಟಿನ ಜೇಬಿಗೆ ಹಾಕಿ, ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟ. ಹೆಂಡತಿ ರಾಧಿಕಾ "ಬ್ಯಾಗ್ ಎಲ್ಲಿ?" ಎಂದು ಕೇಳಿದರೆ, ಜೇಬು ತಟ್ಟಿ ಸ್ಲೋ ಮೋಷನ್ನಿನಲ್ಲಿ ತಿರುಗಿ, "ಯುದ್ಧಕ್ಕ ಹೋಗಾವ್ರು ಬೀರೂ ಹೊತ್ಗೊಂಡ ಹೋಗೂದಿಲ್ಲ ರಾಧಿಕಾ, ಬಾಣ ಅಷ್ಟ ಒಯ್ತಾರ" ಎಂದ.

"ಬಿಲ್ಲು?" ಎಂದಳು ರಾಧಿಕಾ.

ಮಧುಕರ ಜೇಬನ್ನು ಇನ್ನೊಮ್ಮೆ ತಟ್ಟಿದ. ಬಸ್ಸು ಬಂತು, ಹತ್ತಿದರು.

ಖಾನಾಪುರ ಅವನ ಅತ್ತೆ ಮನೆಯ ಊರು. ಹಾಗಾಗಿ ಶನಿವಾರ ಸೊಸೈಟಿಯಲ್ಲಿ ಹಾಲು ಹಾಕುವವರಿಗಿಂತ ಬೀಗರೇ ಹೆಚ್ಚಿದ್ದರು. ಅತ್ತೆ ಕಾಶೀಬಾಯಿ ಕುರ್ಚಿ ಹಾಕಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಹಿಂದೆ ಅವರ ಇಬ್ಬರು ಸೊಸೆಯರು, ಕಿತ್ತೂರು ಕಡೆಯ ದೊಡ್ಡ ಸೊಸೆ ರೇಣವ್ವ, ಬೆಳಗಾವಿಯ ಸಣ್ಣ ಸೊಸೆ ಪ್ರಾಜಕ್ತಾ. ಅವರ ಹಿಂದೆ ಅವರ ಗಂಡಂದಿರು ವಿಕ್ರಮ ಮತ್ತು ಪರಾಗ. ಯಾರು ಏನು ಹೇಳಿದರೂ ಒಟ್ಟಿಗೆ ತಲೆಯಾಡಿಸುವುದು ಈ ಅಣ್ಣತಮ್ಮಂದಿರ ಪದ್ಧತಿ. ಬಾಜು ಮನೆಯ ಬಿಲ್ಕೀಸ ಖಾಲಾ ಸಹ ಹಾಲಿನ ಕ್ಯಾನು ಹಿಡಿದು ಬಂದಿದ್ದರು. ಅವರ ಮನೆಯಲ್ಲಿ ಎಮ್ಮೆ ಇರಲಿಲ್ಲ.

ಸೊಸೈಟಿಯ ಸೆಕ್ರೆಟರಿ ಸಾತಪ್ಪ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, "ಹೂಂ, ಹಚ್ಚ್ರಿ ಸಾಹೇಬ್ರ" ಎಂದ.

ಮಧುಕರ ಪೆನ್‌ಡ್ರೈವನ್ನು ಎತ್ತಿ ಎಲ್ಲರಿಗೂ ತೋರಿಸಿ ಚುಚ್ಚಿದ. ಬಟನ್ ಒತ್ತಿದ. ಪರದೆಯ ಮೇಲೆ ಒಂದೇ ಒಂದು ಸಾಲು ಇಂಗ್ಲಿಷು ಬಂತು.

"ಏನ್ ಬರದೈತ್ರಿ?" ಸಾತಪ್ಪ ಕೇಳಿದ.

ಶೇರ್ಡ್ ಲೈಬ್ರರಿ ಬೇಕು, ಅದು ಇಲ್ಲಿ ಇಲ್ಲ ಎಂದು ಬರೆದಿತ್ತು. ಮಧುಕರ ಇನ್ನೊಮ್ಮೆ ಒತ್ತಿದ. ಅದೇ ಸಾಲು. ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದ. ಅದೇ ಸಾಲು. ಸಾತಪ್ಪ ಇನ್ನೆರಡು ಊದಿನಕಡ್ಡಿ ಹಚ್ಚಿದ.

"ಸಾತಪ್ಪಾರ, ಇದು ವೆಲ್ಕಮ್ ಮೆಸೇಜ್ ರೀ," ಎಂದ ಮಧುಕರ.

"ಇಷ್ಟೊತ್ತ ವೆಲ್ಕಮ್ ಮಾಡಿದ್ರ ಬೀಗ್ರು ವಾಪಸ್ ಹೋಗ್ತಾರ ನೋಡ್ರಿ," ಎಂದ ಸಾತಪ್ಪ. "ಸೋಮವಾರ ಮುಂಜಾನೆ ಚೇರ್ಮನ್‌ರು ಬರ್ತಾರ. ಅಷ್ಟರಾಗ ವೆಲ್ಕಮ್ ಮುಗಿಸ್ರಿ."

ಬಿಲ್ಕೀಸ ಖಾಲಾ ಖಾಲಿ ಕ್ಯಾನು ಎತ್ತಿಕೊಂಡು, "ಪಾಪ, ಹುಡುಗನ ಮುಖಾ ಬಾಡಿತು" ಎಂದು ಊರಿಗೆಲ್ಲ ಕೇಳುವಂತೆ ಪಿಸುಗುಟ್ಟಿದರು.

*

ಮರೆತು ಬಂದೆ ಎಂದು ಒಂದು ಮಾತು ಒಪ್ಪಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಳಿಯ ಎಂಬ ಪ್ರಾಣಿ ಅತ್ತೆಯ ಮನೆಯಲ್ಲಿ ತಪ್ಪು ಒಪ್ಪಿಕೊಂಡ ಉದಾಹರಣೆ ಪುರಾಣದಲ್ಲೂ ಇಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಕಾಶೀಬಾಯಿ ರೊಟ್ಟಿ ನೀಡುತ್ತ, "ಅಳಿಯಂದ್ರ, ಮಿಷನ್ ಯಾಕ ನಡೀಲಿಲ್ರಿ?" ಎಂದು ಕೇಳಿದರು. ಮಧುಕರ ಗಂಟಲು ಸರಿಮಾಡಿಕೊಂಡ. ಕಣ್ಣು ತೆರೆದ ಬಾಗಿಲಾಚೆ, ಅತ್ತೆಯ ಕೋಣೆಯ ಗೋಡೆಯ ಬದಿಗಿದ್ದ ಭರಣಿಯ ಮೇಲೆ ಬಿತ್ತು.

ಆ ಭರಣಿಯ ಬಗ್ಗೆ ಹೇಳಬೇಕು. ಕಾಶೀಬಾಯಿಯ ಮನೆಯಲ್ಲಿ ಅಡುಗೆ ಕೋಣೆ ಎರಡು, ಸೊಸೆಗೊಂದು. ಆದರೆ ವರ್ಷದ ಮಸಾಲೆ ಖಾರ ಒಂದೇ ಭರಣಿಯಲ್ಲಿ, ಅದೂ ಅತ್ತೆಯ ಕೋಣೆಯಲ್ಲಿ. ಪ್ರತಿ ಬೇಸಿಗೆ ಮೆಣಸಿನಕಾಯಿ, ಕೊತ್ತಂಬರಿ, ಒಣ ಕೊಬ್ಬರಿ, ಬಳ್ಳೊಳ್ಳಿ ಎಲ್ಲ ಹುರಿದು ಗಿರಣಿಯಲ್ಲಿ ಕುಟ್ಟಿಸಿ ತುಂಬಿಡುತ್ತಾರೆ. ಸೊಸೆಯರು ಹೊತ್ತು ಹೊತ್ತಿಗೆ ಬಟ್ಟಲು ಹಿಡಿದು ಬಂದು ಒಯ್ಯಬೇಕು. ಕಾಶೀಬಾಯಿ ಕೋಣೆಗೆ ಕೀಲಿ ಹಾಕಿ ಗುಂಜಿ ಊರಿನ ದೇವರಿಗೆ ಹೋದ ದಿನ ಎರಡೂ ಒಲೆಯ ಮೇಲೆ ಬರೀ ಬೇಳೆ ಕುದಿಯುತ್ತದೆ. ಈ ವರ್ಷದ ಹೊಸ ಖಾರ ಮೊನ್ನೆಯಷ್ಟೇ ಬಂದಿತ್ತು, ಇನ್ನೂ ಭರಣಿಯ ಬಾಯಿ ಬಿಚ್ಚಿರಲಿಲ್ಲ.

"ನೋಡ್ರಿ ಅತ್ತಿಯವರ," ಮಧುಕರ ಶುರು ಮಾಡಿದ. ಹಿಂದೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಅವನಿಗೆ ಮಾತ್ರ ಕೇಳುತ್ತಿತ್ತು. "ನಿಮ್ಮ ಭರಣಿ ಅಂದ್ರ ಶೇರ್ಡ್. ಎಲ್ಲಾರೂ ಅಲ್ಲಿಗೇ ಬರ್ಬೇಕು. ನೀವು ಕೀಲಿ ಹಾಕ್ಕೊಂಡ ಗುಂಜಿಗೆ ಹೋದ್ರಿ ಅನ್ರಿ, ಎರಡೂ ಅಡಗಿ ಮನಿ ಬಂದ್! ಸೊಸೈಟ್ಯಾಗ ಆಗಿದ್ದೂ ಅದ. ಪ್ರೋಗ್ರಾಮಿನ ತಪ್ಪಲ್ರಿ, ಭರಣಿ ಪದ್ಧತಿ ತಪ್ಪು. ಅದ ಒಬ್ಬೊಬ್ರ ಹತ್ರ ತಮ್ಮ ತಮ್ಮ ಡಬ್ಬಿ ಇದ್ರ? ಯಾರ ಮುಂದೂ ಬಟ್ಟಲಾ ಹಿಡಿಯೂ ಗರಜ ಇಲ್ಲ! ಅದಕ್ಕ ಸ್ಟ್ಯಾಟಿಕ್ ಅಂತಾರ. ಸ್ವಾತಂತ್ರ್ಯ!"

ಕಾಶೀಬಾಯಿಯ ಕೈಯಲ್ಲಿದ್ದ ರೊಟ್ಟಿ ಗಾಳಿಯಲ್ಲೇ ನಿಂತಿತು.

ರೇಣವ್ವ ಪ್ರಾಜಕ್ತಾಳನ್ನು ನೋಡಿದಳು. ಮದುವೆಯಾಗಿ ಬಂದಾಗಿನಿಂದ ಯಾವ ವಿಷಯದಲ್ಲೂ ಒಪ್ಪದ ಇಬ್ಬರು ಆ ಕ್ಷಣಕ್ಕೆ ಒಪ್ಪಿದರು.

"ಅಣ್ಣಾರು ಖರೇ ಹೇಳ್ತಾರ," ಎಂದಳು ರೇಣವ್ವ.

"ಕಂಪ್ಯೂಟರ್‌ನಾಗ ಸುದ್ದಾ ಹಂಗ ಐತಂತಲ್ಲ ಅಕ್ಕಾರ," ಎಂದಳು ಪ್ರಾಜಕ್ತಾ.

ವಿಕ್ರಮ, ಪರಾಗ ಒಟ್ಟಿಗೆ ತಲೆಯಾಡಿಸಿದರು.

ಮಧುಕರನಿಗೆ ಭಾಷಣ ಸೂಪರ್ ಹಿಟ್ ಆದಂತೆ ಕಂಡಿತು. ಇನ್ನೊಂದು ರೊಟ್ಟಿ ಕೇಳಿದ. ಬರಲಿಲ್ಲ.

*

ಭಾನುವಾರ ಬೆಳಿಗ್ಗೆ ಎದ್ದಾಗ ಅಂಗಳದಲ್ಲಿ ಜಾತ್ರೆ. ಭರಣಿ ಹೊರಗೆ ಬಂದಿತ್ತು. ರೇಣವ್ವ ದೊಡ್ಡ ಸ್ಟೀಲ್ ಡಬ್ಬಿ ತುಂಬಿಕೊಂಡು ಹೊರಟಿದ್ದಳು, ಪ್ರಾಜಕ್ತಾ ಬಿಸ್ಕಿಟಿನ ತಗಡಿನ ಡಬ್ಬಿ. ತಳದಲ್ಲಿ ಉಳಿದಿದ್ದು ಕಾಶೀಬಾಯಿಯ ಪಾಲು. ಅವರು ಭರಣಿಯ ಪಕ್ಕದಲ್ಲಿ, ಸಿನಿಮಾದ ಕೊನೆಯಲ್ಲಿ ಕೋರ್ಟಿನಲ್ಲಿ ನಿಲ್ಲುವ ತಾಯಿಯ ಹಾಗೆ ನಿಂತಿದ್ದರು.

"ಡಬ್ಬಿ ಬ್ಯಾರೆ ಆದ್ಮ್ಯಾಲೆ ಗ್ಯಾಸೂ ಬ್ಯಾರೆ ಆಗ್ಲಿ," ಎಂದಳು ಪ್ರಾಜಕ್ತಾ.

"ಗ್ಯಾಸ್ ಬ್ಯಾರೆ ಆದ್ಮ್ಯಾಲೆ ನೀರಿನ ಟಾಕಿ?" ಎಂದಳು ರೇಣವ್ವ.

"ಟಾಕಿ ಬ್ಯಾರೆ ಮಾಡ್ಬೇಕಂದ್ರ ನಡುವ ಗ್ವಾಡಿ ಬೇಕಾಗ್ತೈತಿ," ಎಂದು ಗೇಟಿನಿಂದ ಧ್ವನಿ ಬಂತು. ಸಾತಪ್ಪ! ಹಾಲಿನ ಸೊಸೈಟಿಯ ಕೆಲಸ ಅವನಿಗೆ ಹೊಟ್ಟೆಪಾಡು. ಮನೆ ವಾಟ್ನಿ ಮಾಡುವುದು, ಅಂದರೆ ಅಳೆದು ಪಾಲು ಹಾಕುವುದು, ಅವನ ಕಲೆ. ಕೈಯಲ್ಲಿ ಅಳತೆಯ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು. "ಬಿಲ್ಕೀಸಬಿ ಹೇಳಿದ್ರು, ಅಳಿಯಂದ್ರು ವಾಟ್ನಿ ಮಾಡಾಕ ಹೇಳ್ಯಾರ ಅಂತ. ಅದಕ್ಕ ಬಂದೆ. ಪುಕ್ಕಟ ಅಳದ ಕೊಡ್ತೀನಿ, ಮಧ್ಯಾಹ್ನ ಊಟಾ ಇದ್ರ ಸಾಕು."

"ನಾನು ವಾಟ್ನಿ ಮಾಡಾಕ ಹೇಳಿಲ್ರಿ!" ಮಧುಕರ ಕೂಗಿದ.

"ಹೇಳೀರಿ," ಎಂದರು ಕಾಂಪೌಂಡಿನ ಮೇಲಿಂದ ಬಿಲ್ಕೀಸ ಖಾಲಾ. "ಸ್ವಾತಂತ್ರ್ಯ ಅಂದ್ರಿ. ನಾನು ಇಲ್ಲೇ ಇದ್ದೆ, ಅರಬಿ ಒಣ ಹಾಕಾತಿದ್ದೆ."

"ನಾ ಹೇಳಿದ್ದು ಬರೇ ಉದಾಹರಣೆ ರೀ! ಶೇರ್ಡ್ ಸುದ್ದಾ ಚಲೋನ ಇರ್ತೈತ್ರಿ. ಈಗ ಈ ಗ್ವಾಡಿ ತಗೋರಿ, ಅದು ಎರಡೂ ಮನಿಗೆ ಶೇರ್ಡ್..."

"ಬರಕೋರಿ ಸಾತಪ್ಪಾರ," ಎಂದಳು ರೇಣವ್ವ. "ಗ್ವಾಡಿ ಖರ್ಚು ಇಬ್ರದೂ."

ವಿಕ್ರಮ, ಪರಾಗ ತಲೆಯಾಡಿಸಿದರು. ಸಾತಪ್ಪ ತುಳಸಿಕಟ್ಟೆಗೆ ಟೇಪಿನ ಒಂದು ತುದಿ ಸಿಕ್ಕಿಸಿದ. ಅಳತೆ ಸರಿಯಾಗಿ ಕಟ್ಟೆಯ ನಟ್ಟನಡುವೆ ಹಾದುಹೋಯಿತು. "ಕಟ್ಟಿನೂ ಅರ್ಧಾ ಅರ್ಧಾ ಮಾಡ್ಬೇಕಾಗ್ತೈತಿ. ಗಿಡದಾಗ ನಿಮಗ ಯಾವ ಟೊಂಗಿ ಬೇಕ್ರಿ?"

ಆಗ ಕಾಶೀಬಾಯಿ ಮಾತಾಡಿದರು. ಒಂದೇ ಮಾತು. "ಇವರಪ್ಪ ಸಾಯೂ ಮುಂದ ಮನಿ ಒಡೀಬ್ಯಾಡ ಅಂದಿದ್ರು. ಇರ್ಲಿ. ಕಂಪ್ಯೂಟರ್ ಕಲ್ತ ಅಳಿಯಂದ್ರು ಹೇಳಿದ್ಮ್ಯಾಲೆ ನಂದೇನು?" ಭರಣಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ರಾಧಿಕಾ ಗಂಡನ ತೋಳು ಹಿಡಿದು ಹಿತ್ತಲಿಗೆ ಎಳೆದಳು. ಅವಳ ಕಣ್ಣಲ್ಲಿ ನೀರಿತ್ತು. ಮಧುಕರನಿಗೆ ಮೊದಲ ಸಲ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ನಿಂತುಹೋಯಿತು.

"ನನ್ನ ಹಡದ ಆಯಿ ಅಳೂದನ್ನ ನಾ ಅಪ್ಪಾ ಹೋದ ದಿನಾ ಬಿಟ್ರ ಇವತ್ತ ನೋಡಿದ್ದು. ಸಂಜಿ ಬಸ್ ಬರೂದ್ರೊಳಗ ಈ ಮನಿ ಒಂದಾಗಿದ್ರ ನಾವಿಬ್ರೂ ಕೂಡಿ ಬೆಳಗಾವಿಗೆ ಹೋಗೂಣು. ಇಲ್ಲಂದ್ರ ನೀವು, ನಿಮ್ಮ ಬಾಣ, ಇಬ್ರ ಹೋಗ್ರಿ."

"ಆತ..." ಎಂದು ಬಾಯಿಗೆ ಬಂದದ್ದನ್ನು ಮಧುಕರ ಅರ್ಧಕ್ಕೇ ನುಂಗಿದ.

*

ಮಧ್ಯಾಹ್ನ ಎರಡೂ ಅಡುಗೆ ಮನೆಯಲ್ಲಿ ಪೈಪೋಟಿಯ ಅಡುಗೆ. ಸ್ವತಂತ್ರ ಡಬ್ಬಿಯ ಮೊದಲ ಒಗ್ಗರಣೆ. ಪಂಚರು ಎಂದು ಸಾತಪ್ಪನಿಗೆ ಎರಡೂ ಮನೆಯಲ್ಲಿ ಎಲೆ, ಸಾಕ್ಷಿ ಎಂದು ಬಿಲ್ಕೀಸ ಖಾಲಾಗೆ ಎರಡೂ ಮನೆಯಿಂದ ಬಟ್ಟಲು.

ಸಾತಪ್ಪ ರೇಣವ್ವನ ಬದನೆಕಾಯಿ ಪಲ್ಯ ಬಾಯಿಗಿಟ್ಟ. ಮುಖ ಒಮ್ಮೆ ಒಳಗೆ ಹೋಗಿ ಹೊರಗೆ ಬಂತು. ನೀರು ಕುಡಿದ. "ಬೇಷ್ ಆಗೇತ್ರಿ," ಎಂದು ಎದ್ದು ಪ್ರಾಜಕ್ತಾಳ ಮನೆಗೆ ಹೋದ. ಅಲ್ಲಿ ಕಡಲೆಹಿಟ್ಟಿನ ಝುಣಕ ಬಾಯಿಗಿಟ್ಟ. ಚೊಂಬು ಎತ್ತಿ ಕುಡಿದ, ಇನ್ನೊಂದು ಚೊಂಬು ಕೇಳಿದ.

"ಹೆಂಗಾಗೈತ್ರಿ?"

"ಇಬ್ರದೂ ಭಾಳ... ಸಮಾನ ಐತ್ರಿ," ಎಂದ ಸಾತಪ್ಪ, ಪಂಚರ ಧರ್ಮ ಬಿಡದೆ.

ಬಿಲ್ಕೀಸ ಖಾಲಾಗೆ ಅಂಥ ಧರ್ಮಸಂಕಟವಿರಲಿಲ್ಲ. ಕಾಂಪೌಂಡಿನ ಆಚೆಯಿಂದ ಕೂಗು ಬಂತು. "ಯಾ ಅಲ್ಲಾ! ಏ ರೇಣವ್ವಾ, ಇದು ಪಲ್ಯಾನೋ ಗೋವಾದ ಸಮುದ್ರಾನೋ? ಉಪ್ಪೋ ಉಪ್ಪು!"

ರೇಣವ್ವ ಓಡಿ ಬಂದಳು, ಪ್ರಾಜಕ್ತಾ ಓಡಿ ಬಂದಳು. ಒಬ್ಬರ ಅಡುಗೆ ಒಬ್ಬರು ರುಚಿ ನೋಡಿದರು. ಇಬ್ಬರೂ ಒಟ್ಟಿಗೆ ಉಗುಳಿದರು.

"ನಾ ಝುಣಕಕ್ಕ ಉಪ್ಪು ಹಾಕೇ ಇಲ್ಲ!" ಎಂದಳು ಪ್ರಾಜಕ್ತಾ. "ಖಾರದಾಗ ಐತಿ ಅಂತ ಬಿಟ್ಟೆ."

"ಖಾರದಾಗ ನಾ ಹಾಕೀನಲ್ಲ, ಹುರಿಯೂ ಮುಂದ," ಎಂದಳು ರೇಣವ್ವ.

"ಹುರಿಯೂ ಮುಂದ ನೀ ಹಾಕಿದ್ಯಾ?" ಅತ್ತೆಯ ಕೋಣೆಯ ಬಾಗಿಲು ತೆರೆಯಿತು. "ಗಿರಣ್ಯಾಗ ಕುಟ್ಟೂ ಮುಂದ ನಾ ಹಾಕೀನಿ ಏನವಾ! ಅದಕ್ಕ ನನ್ನ ಭರಣ್ಯಾಂದು ಉಪ್ಪಾಗಿತ್ತು. ಮುಂಜಾನೆ ನಾಲಿಗಿಗೆ ಹಚ್ಚಿ ನೋಡಿದೆ, ಹ್ವಾದ ವರ್ಷದ್ದು ಉಪ್ಪಿಲ್ಲದ ಪುಡಿ ಇಟ್ಟಿದ್ದೆ, ಕಲಸಿಬಿಟ್ಟೆ. ಈಗ ಬೆಲ್ಲಾ ಆಗೈತಿ."

"ನಮ್ಮ ಡಬ್ಬಿ?" ಎಂದರು ಸೊಸೆಯರು ಒಂದೇ ಉಸಿರಿಗೆ.

"ನಿಮ್ಮ ಡಬ್ಬಿ ನಿಮ್ಮ ಮನ್ಯಾಗ ಅದಾವಲ್ಲ. ಸ್ವಾತಂತ್ರ್ಯ! ಭರಣ್ಯಾಗ ಸುಧಾರಿಸಿದ್ದು ಡಬ್ಬಿಗೆ ಹೆಂಗ ಹಾರಿ ಹೋಗ್ತೈತಿ?"

ಹಿತ್ತಲಲ್ಲಿ ಕೂತು ನೀರಿನ ಹಂಡೆ ನೋಡುತ್ತಿದ್ದ ಮಧುಕರ ಸಟ್ಟನೆ ಎದ್ದ. ಇದೇ ಮಾತು! ಶಾಹಿದ ಸಾಹೇಬರು ಎಷ್ಟು ಸಲ ಹೇಳಿದ್ದರು: ಶೇರ್ಡ್‌ದು ಒಂದು ಕಡೆ ಸರಿಮಾಡಿದರೆ ಎಲ್ಲ ಪ್ರೋಗ್ರಾಮುಗಳೂ ಸರಿ, ಸ್ಟ್ಯಾಟಿಕ್‌ದು ಒಂದೊಂದನ್ನೂ ಮತ್ತೆ ಕಟ್ಟಬೇಕು. ಅದಕ್ಕೇ ಎರಡೂ ಬೇಕು, ಒಂದೇ ಸೋರ್ಸಿನಿಂದ. ಅವನು ಅಂಗಳದ ನಡುವೆ ಬಂದು ನಿಂತ. ಸಾತಪ್ಪನ ಟೇಪು ಕಾಲಿಗೆ ಸಿಕ್ಕಿ, ತುಳಸಿಕಟ್ಟೆಯನ್ನು ಅಪ್ಪಿಕೊಂಡು ನಿಂತ. ಹೀರೋ ಎಂಟ್ರಿಗೆ ಇದು ಮಾದರಿಯಲ್ಲ, ಇರಲಿ.

"ಎಲ್ಲಾರೂ ಕೇಳ್ರಿ! ನಿನ್ನೆ ಮಿಷನ್ ನಡೀಲಿಲ್ಲ ಅಂದ್ರ ಭರಣಿ ತಪ್ಪಲ್ಲ. ನಂದ ತಪ್ಪು. ನಮ್ಮ ಸಾಹೇಬ್ರು ಎರಡೂ ಮಾಡು ಅಂದಿದ್ರು, ನಾ ಒಂದ ಮಾಡಿ ಎರಡೂ ಮಾಡೀನಿ ಅಂತ ಸುಳ್ಳು ಹೇಳಿದೆ. ಮರ್ಯಾದಿ ಉಳಿಸ್ಕೊಳ್ಳಾಕ ನಿಮ್ಮ ಭರಣಿ ಮ್ಯಾಲೆ ಹಾಕಿದೆ. ಅತ್ತಿಯವರ, ತಪ್ಪಾತ್ರಿ."

ಅಳಿಯ ತಪ್ಪು ಒಪ್ಪಿಕೊಂಡಿದ್ದ. ಬಿಲ್ಕೀಸ ಖಾಲಾ ಚೆನ್ನಾಗಿ ಕಾಣಲಿ ಎಂದು ಕಾಂಪೌಂಡಿನ ಬದಿಗೆ ಕಾಲಡಿಗೆ ಇನ್ನೊಂದು ಇಟ್ಟಿಗೆ ಇಟ್ಟು ಹತ್ತಿದರು.

"ಈಗ ಏನ್ ಮಾಡ್ಬೇಕಂತೀರಿ?" ಕಾಶೀಬಾಯಿ ಕೇಳಿದರು.

"ಖಾರ ಒಂದ ಸಲ ಕುಟ್ಟಸ್ರಿ. ಭರಣಿ ಇಲ್ಲೇ ಇರ್ಲಿ, ದಿನಾ ಎಲ್ಲಾರೂ ಅದರಾಗಿಂದ ತಗೋಳ್ರಿ. ಉಪ್ಪು ಹೆಚ್ಚಾತಂದ್ರ ನೀವು ಒಂದ ಕಡೆ ಸರಿ ಮಾಡಿದ್ರ ಎರಡೂ ಮನಿ ಸರಿ. ಆದ್ರ ಒಂದೊಂದು ಸಣ್ಣ ಡಬ್ಬಿ ಇವರಿಗೂ ಕೊಡ್ರಿ, ನೀವು ಗುಂಜಿಗೆ ಹೋದ ದಿನಕ್ಕ. ಭರಣಿ ಸರಿ ಮಾಡಿದಾಗೊಮ್ಮೆ ಡಬ್ಬಿ ಸುರುವಿ ಮತ್ತ ತುಂಬ್ರಿ. ಎರಡೂ ಬೇಕ್ರಿ. ಗ್ವಾಡಿ ಬ್ಯಾಡ್ರಿ."

ರೇಣವ್ವ ಪ್ರಾಜಕ್ತಾಳನ್ನು ನೋಡಿದಳು. ಪ್ರಾಜಕ್ತಾ ಉಪ್ಪಿನ ಝುಣಕದ ಪಾತ್ರೆಯನ್ನು ನೋಡಿದಳು.

"ನಮಗ ಗ್ವಾಡಿ ಯಾರಿಗೆ ಬೇಕಾಗಿತ್ರಿ ಅಣ್ಣಾರ," ಎಂದಳು ರೇಣವ್ವ, ಧ್ವನಿ ಇಳಿಸಿ. "ಅತ್ತಿ ಇಲ್ಲದ ದಿನಾ ಮಕ್ಕಳಿಗೆ ಬಿಳೇ ಬ್ಯಾಳಿ ಹಾಕೂದಷ್ಟ ಬ್ಯಾಡಾಗಿತ್ತು."

"ಅಷ್ಟ ಹೇಳಿದ್ರ ಕೀಲಿ ನಿಮ್ಮ ಕಡೇನ ಕೊಟ್ಟ ಹೋಗ್ತಿದ್ನಲ್ಲ ಖೋಡಿಗೋಳ್ರಾ!" ಎಂದು ಕಾಶೀಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡರು. "ತಗೊಂಬರ್ರಿ ಆ ಡಬ್ಬಿಗೋಳ್ನ. ಎಲ್ಲಾ ಭರಣಿಗೆ ಸುರುವ್ರಿ. ಉಪ್ಪಿಲ್ಲದ ಪುಡಿ ಇನ್ನೂ ಐತಿ."

ವಿಕ್ರಮ, ಪರಾಗ ತಲೆಯಾಡಿಸಿದರು. ಈ ಸಲ ಯಾರೂ ಕೇಳುವುದಕ್ಕೆ ಮೊದಲೇ.

ಸಾತಪ್ಪ ಮಾತ್ರ ಟೇಪು ಸುತ್ತುತ್ತ, "ಹಂಗಾದ್ರ ವಾಟ್ನಿ ಕ್ಯಾನ್ಸಲ್?" ಎಂದ. ಅವನ ಬೇಸರ ಕಲಾವಿದನದು. ಕಾಶೀಬಾಯಿ ಭರಣಿಯ ಖಾರದಲ್ಲಿ ಮಾಡಿದ ಬಿಸಿ ಸಾರು ಬಡಿಸಿದ ಮೇಲೆ ಅದೂ ಕಡಿಮೆಯಾಯಿತು.

ಮಧುಕರ ಮೂಲೆಗೆ ಹೋಗಿ ಶಾಹಿದ ಸಾಹೇಬರಿಗೆ ಫೋನ್ ಹಚ್ಚಿ ಎಲ್ಲ ಹೇಳಿದ. ನೌಕರಿ ಹೋಯಿತು ಎಂದೇ ಕಣ್ಣು ಮುಚ್ಚಿ ನಿಂತ. ಆಚೆಯಿಂದ ನಗು ಕೇಳಿಸಿತು.

"ಅರೇ ಭಾಯಿ, ಸ್ಟ್ಯಾಟಿಕ್ ನಾನ ಶುಕ್ರವಾರ ಸಂಜಿಕ ಮಾಡಿಟ್ಟೀನಿ. ನೀ 'ಮಾಡೀನ್ರಿ ಸರ್' ಅಂದ್ಯಲ್ಲ, ಆಗ ಗೊತ್ತಾತು ನೀ ಮಾಡಿಲ್ಲಂತ. ಫೋನಿಗೆ ಕಳಸ್ತೀನಿ ತಗೋ."

ಸಂಜೆ ಸೊಸೈಟಿಯಲ್ಲಿ ಬಟನ್ ಒತ್ತಿದಾಗ ಪರದೆಯ ಮೇಲೆ ಹಾಲು, ಫ್ಯಾಟು, ದರ ಎಲ್ಲ ಬಂತು. ಮೊದಲ ಹಾಲು ಬಿಲ್ಕೀಸ ಖಾಲಾ ಹಾಕಿದರು. ಹಾಕಲೇಬೇಕೆಂದು ರೇಣವ್ವನಿಂದ ಕಡ ತಂದಿದ್ದರು. ಸಂಜೆಯ ಬಸ್ಸಿನಲ್ಲಿ ರಾಧಿಕಾ ಗಂಡನ ಹೆಗಲ ಮೇಲೆ ತಲೆಯಿಟ್ಟು ಮಲಗಿದಳು. ಮಧುಕರ ಕಿಟಕಿಯಿಂದ ಹಿಂದೆ ಓಡುವ ಗಿಡಗಳನ್ನು ನೋಡುತ್ತ, ಬಹಳ ದಿನಗಳ ಮೇಲೆ ಪೂರ್ತಿ ಉಸಿರು ಬಿಟ್ಟ. ಮಡಿಲಲ್ಲಿ ಅತ್ತೆ ಕೊಟ್ಟ ಒಂದು ಡಬ್ಬಿ ಖಾರ. "ಪರ ಊರಾಗ ಇರಾವ್ರಿಗೆ ಸ್ಟ್ಯಾಟಿಕ್," ಎಂದಿದ್ದರು ಕಾಶೀಬಾಯಿ.

ಸೋಮವಾರ ಆಫೀಸಿನಲ್ಲಿ ಹಿಟ್ಟು ಒರೆಸಿ ಕೂತನೋ ಇಲ್ಲವೋ, ಶಾಹಿದ ಸಾಹೇಬರು ಬಂದು ನಿಂತರು. "ಮಧು, ಎಮ್ಮಿ ಹಾಲಿನ ದರದ ಲೆಕ್ಕದಾಗ ಒಂದ್ ಸಣ್ಣ ತಪ್ಪು ಸಿಕ್ಕಿತ್ತು, ಸರಿ ಮಾಡೀನಿ. ಶೇರ್ಡ್ ಇದ್ದ ಕಡೆಗೆಲ್ಲಾ ಆ ಗಂಟ ಅಷ್ಟ ಬದಲಿ ಮಾಡಿದೆ, ಮುಗೀತು. ಖಾನಾಪುರದ್ದು ಸ್ಟ್ಯಾಟಿಕ್ ಐತಿ. ಪ್ರೋಗ್ರಾಮ್ ಪೂರಾ ಹೊಸಾದು ಹಾಕ್ಬೇಕು, ಸಾತಪ್ಪಗ ಬರೂದಿಲ್ಲ. ನೀನ ಹೋಗ್ಬೇಕು. ಎರಡೂ ಬಿಲ್ಡ್ ಮಾಡ್ಕೊಂಡ ಹೋಗ್ತೀಯಿಲ್ಲೋ?"

ಮಧುಕರ ಬಾಯಿ ತೆರೆದ. ಮುಚ್ಚಿದ. "ಮಾಡಿಲ್ರಿ ಸರ್. ಈಗ ಮಾಡ್ತೀನಿ," ಎಂದ.

ಬಿಲ್ಡ್ ಮುಗಿಸಿ, ಎರಡನ್ನೂ ಓಡಿಸಿ ನೋಡಿ, ರಾಧಿಕಾಗೆ ಫೋನ್ ಮಾಡಿ ಮತ್ತೆ ಖಾನಾಪುರಕ್ಕೆ ಹೊರಟಿದ್ದೇನೆ ಎಂದ. ಬೈಗುಳ ಬರುತ್ತದೆಂದು ಫೋನನ್ನು ಕಿವಿಯಿಂದ ದೂರ ಹಿಡಿದಿದ್ದ.

"ಚಲೋ ಆತು," ಎಂದಳು ರಾಧಿಕಾ. "ಈಗಷ್ಟ ಆಯಿ ಫೋನ್ ಬಂದಿತ್ತು. ಖಾರಕ್ಕ ಇಂಗು ಹಾಕೂದು ಮರತಿದ್ರಂತ, ಭರಣ್ಯಾಗ ಈಗ ಹಾಕ್ಯಾರ. ನಮ್ಮ ಡಬ್ಬಿನೂ ತಗೊಂಡ ಹೋಗ್ರಿ."